ಹೆಸರಿಲ್ಲದ ಕೈಯೂ ಚಿತ್ರಶಾಲೆಯ ಋಣವೂ

ಕೃತಿಯನ್ನು ಮನ್ನಿಸಿ ಕೃತಿಕಾರನನ್ನು ವಿಚಾರಿಸದೆ ಬಿಡುವುದು ಮನ್ನಣೆ ಎನಿಸೀತೆ? ಮೇಲುನೋಟಕ್ಕೆ ಇದು ಸಣ್ಣ ಪ್ರಶ್ನೆ. ಒಳ್ಳೆಯ ಊಟವನ್ನು ಉಂಡವನು ಅಡಿಗೆಯವರ ಹೆಸರು ಕೇಳದೆ ಎದ್ದುಹೋದರೆ ಊಟದ ರುಚಿಗೆ ಕುಂದೇನೂ ಬಾರದು. ಆದರೆ ದಿನವೂ ಉಣ್ಣುವವನು, ಆ ಊಟವನ್ನು ಹತ್ತು ಜನರ ಮುಂದೆ ಹೊಗಳುವವನು, ಹೊಗಳಿ ತಾನೂ ರಸಿಕನೆಂಬ ಹೆಸರನ್ನು ಗಳಿಸಿಕೊಳ್ಳುವವನು, ಒಮ್ಮೆಯಾದರೂ ಅಡಿಗೆಮನೆಯ ಬಾಗಿಲಿಗೆ ಹೋಗಿ ನೋಡದೆ ಇದ್ದರೆ ಅವನ ನಡತೆಯಲ್ಲಿ ಏನೋ ಒಂದು ಕೊರತೆಯುಂಟೆಂದು ನಮಗೆ ತೋರುತ್ತದೆ. ಆ ಕೊರತೆ ಬರಿಯ ಅವಿನಯವೋ ಅಥವಾ ಅನ್ಯಾಯವೋ ಎಂಬುದನ್ನು ನಮ್ಮ ಕಾಲದ ಚಿತ್ರಶಾಲೆಗಳನ್ನು ನಿಮಿತ್ತವಾಗಿಟ್ಟುಕೊಂಡು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಚಿತ್ರಶಾಲೆಯೆಂದರೆ ಪೇಟೆಯ ಜನರು ಆರ್ಟ್ ಗ್ಯಾಲರಿ ಎನ್ನುವ ಮಂದಿರ. ಹಚ್ಚೊಳ್ಳಿಯಲ್ಲಾಗಲಿ ಸಿರುಗುಪ್ಪದ ಬೀದಿಗಳಲ್ಲಾಗಲಿ ಓದುತ್ತ ಕುಳಿತ ವಾಚಕರು, 'ಬೆಂಗಳೂರಿನ ಚಿತ್ರಶಾಲೆಗಳು ನಮಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿ ದೂರ; ಅವುಗಳ ಧರ್ಮಾಧರ್ಮದ ವಿಚಾರ ನಮಗೇತಕ್ಕೆ?' ಎಂದು ಕೇಳಬಹುದು. ಕೇಳತಕ್ಕದ್ದೇ ಸರಿ. ಆದರೆ ನಾವು ಅಲ್ಲಿಗೆ ಹೋಗದೆ ಇದ್ದರೂ ನಮ್ಮ ನೆರೆಯವರ ಕೈಕೆಲಸವು ಅಲ್ಲಿಗೆ ಹೋಗುತ್ತಿದೆ. ಸಂಡೂರಿನ ತಾಂಡಾಗಳ ಕಸೂತಿ, ಬಳ್ಳಾರಿ ಕೊಪ್ಪಳಗಳ ತೊಗಲುಗೊಂಬೆ, ಕಿನ್ನಾಳದ ಬಣ್ಣದ ಮರದ ಗೊಂಬೆ, ಇವು ಈಗ ಪ್ರದರ್ಶನದ ಗೋಡೆಗಳನ್ನೂ ಗಾಜಿನ ಪೆಟ್ಟಿಗೆಗಳನ್ನೂ ಸೇರಿವೆ. ಇಂದಿನ ಚಿತ್ರಶಾಲೆಗಳು ತಾವು ಬರಿಯ ಧನಿಕರ ವಿಹಾರಸ್ಥಾನವಲ್ಲವೆಂದೂ, ಜನಸಮುದಾಯದೊಡನೆ ಬೆರೆಯುವುದೂ, ಇಲ್ಲಿಯ ವರೆಗೆ ಯಾರೂ ಗಮನಿಸದೆ ಬಿಟ್ಟ ಕಲಾವಿದರಿಗೆ ಆಸರೆ ಕೊಡುವುದೂ ತಮ್ಮ ಉದ್ದೇಶವೆಂದೂ ಹೇಳಿಕೊಳ್ಳುತ್ತಿವೆ. ಉದ್ದೇಶವು ಒಳ್ಳೆಯದು. ಆದುದರಿಂದಲೇ ಅದನ್ನು ಒರೆಗೆ ಹಚ್ಚಿ ನೋಡಬೇಕು.

ನಮಗೆ ತೀರ ಸಮೀಪದ ಒಂದು ನಿದರ್ಶನವನ್ನು ಮೊದಲು ತೆಗೆದುಕೊಳ್ಳೋಣ. ೨೦೨೩ರ ಜುಲೈ ತಿಂಗಳಲ್ಲಿ ಇಪ್ಪತ್ತು ರಾಷ್ಟ್ರಗಳ ಕೂಟದ ಸಂಸ್ಕೃತಿ ವಿಚಾರದ ಸಭೆಯು ಹಂಪೆಯಲ್ಲಿ ನಡೆಯಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾಗುವ ವರೆಗೆ ಹಂಪೆಯು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದಿತಷ್ಟೆ. ಆ ಸಂದರ್ಭದಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ ಆಶ್ರಯದ ನಾನೂರೈವತ್ತಕ್ಕೂ ಹೆಚ್ಚು ಮಂದಿ ಲಂಬಾಣಿ ಹೆಂಗಸರು ಹೊಲಿದ ೧,೭೫೫ ಕಸೂತಿಯ ತುಣುಕುಗಳನ್ನು ಒಟ್ಟಿಗೆ ಇಟ್ಟು ತೋರಿಸಲಾಯಿತು. ಲಂಬಾಣಿ ವಸ್ತುಗಳ ಅತ್ಯಂತ ದೊಡ್ಡ ಪ್ರದರ್ಶನವೆಂದು ಅದು ಗಿನ್ನೆಸ್ ದಾಖಲೆಯನ್ನೂ ಸೇರಿತು. ದೇಶದೇಶಗಳ ಪ್ರತಿನಿಧಿಗಳು ಬಂದು ನೋಡಿದರು, ಪತ್ರಿಕೆಗಳು ಕೊಂಡಾಡಿದವು.

ಇದು ಸಾಮಾನ್ಯವಾದ ಗೌರವವಲ್ಲ. ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ದೇಶ ಸುತ್ತುತ್ತಿದ್ದ ಜನರು ಲಂಬಾಣಿಗರು. ರೈಲು ಬಂದು ಆ ವೃತ್ತಿ ಹೋಯಿತು. ೧೮೭೧ರ ಬಳಿಕ ಆಂಗ್ಲ ಸರಕಾರವು ಅಲೆಮಾರಿ ಪಂಗಡಗಳನ್ನೇ ಅಪರಾಧಿಗಳೆಂದು ಸಂಶಯದಿಂದ ಕಾಣುವ ಶಾಸನಗಳನ್ನು ಮಾಡಿತು. ಊರ ಹೊರಗೆ ತಾಂಡಾ ಹಾಕಿಕೊಂಡು ಬದುಕಿದ ಆ ಜನರ ಉಡುಪನ್ನು ನಮ್ಮ ಊರುಗಳವರು ಬೆರಗಿನಿಂದ ನೋಡಿದರೇ ಹೊರತು ಗೌರವದಿಂದ ನೋಡಿದವರು ವಿರಳ. ಕನ್ನಡಿಯ ಚೂರು, ಕವಡೆ, ನಾಣ್ಯ, ಬಣ್ಣಬಣ್ಣದ ದಾರ, ಇವುಗಳನ್ನು ಲೆಕ್ಕ ತಪ್ಪದ ಹೊಲಿಗೆಗಳಿಂದ ಬಟ್ಟೆಯ ಮೇಲೆ ಕೂಡಿಸುವ ಆ ವಿದ್ಯೆಯನ್ನು ತಾಯಿಯು ಮಗಳಿಗೆ ಕಲಿಸಿ ಉಳಿಸಿಕೊಂಡು ಬಂದಳು. ೧೯೮೦ರ ದಶಕದಲ್ಲಿ ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರವು ಹುಟ್ಟಿ, ಆ ವಿದ್ಯೆಯು ಅನ್ನಕ್ಕೆ ದಾರಿಯಾಗುವಂತೆ ಮಾಡಿತು. ೨೦೧೦ರಲ್ಲಿ 'ಸಂಡೂರು ಲಂಬಾಣಿ ಕಸೂತಿ' ಎಂಬ ಹೆಸರಿಗೆ ಭೌಗೋಳಿಕ ಗುರುತಿನ ಕಾನೂನಿನ ರಕ್ಷಣೆಯೂ ದೊರೆಯಿತು. ಇದನ್ನೆಲ್ಲ ಮರೆತು ದೋಷವನ್ನಷ್ಟೇ ಹುಡುಕುವುದು ವಿಮರ್ಶೆಯಾಗಲಾರದು.

ಇಷ್ಟನ್ನು ಒಪ್ಪಿಕೊಂಡ ಮೇಲೆ ಒಂದು ಮಾತನ್ನು ಕೇಳಬಹುದೆಂದು ತೋರುತ್ತದೆ. ಆ ದಾಖಲೆಯು ಎಣಿಸಿದ್ದು ಏನನ್ನು? ವಸ್ತುಗಳನ್ನು. ಒಂದು ಸಾವಿರದ ಏಳುನೂರ ಐವತ್ತೈದು ಎಂಬ ಅಂಕಿಯು ನಮಗೆ ನೆನಪಿನಲ್ಲಿ ಉಳಿಯಿತು. ಅವುಗಳನ್ನು ಹೊಲಿದವರಲ್ಲಿ ಒಬ್ಬಾಕೆಯ ಹೆಸರಾದರೂ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಒಬ್ಬ ಚಿತ್ರಕಾರನ ಹತ್ತು ಪಟಗಳನ್ನು ಬೆಂಗಳೂರಿನ ಗೋಡೆಯ ಮೇಲೆ ತೂಗುಹಾಕಿದರೆ ಹತ್ತರ ಕೆಳಗೂ ಅವನ ಹೆಸರಿನ ಚೀಟಿ ಇರುತ್ತದೆ. ಅವನು ಹುಟ್ಟಿದ ಊರು, ವರ್ಷ, ಗುರು, ಎಲ್ಲವನ್ನೂ ಬರೆದಿರುತ್ತಾರೆ. ಕಸೂತಿಯ ಕೆಳಗೆ 'ಲಂಬಾಣಿ, ಬಳ್ಳಾರಿ ಜಿಲ್ಲೆ' ಎಂದು ಬರೆದರೆ ಸಾಕೆನಿಸುತ್ತದೆ. ಒಬ್ಬನದು ಸೃಷ್ಟಿ, ಇನ್ನೊಬ್ಬಳದು ಜಾತಿಯ ಅಭ್ಯಾಸ ಎಂಬ ಭಾವನೆಯು ಆ ಚೀಟಿಗಳ ಅಂತರದಲ್ಲಿ ಅಡಗಿದೆ.

ಈ ಭಾವನೆಯು ಎಲ್ಲಿಂದ ಬಂದಿತೆಂಬುದನ್ನು ತುಸು ಹಿಂದೆ ಹೋಗಿ ನೋಡಬೇಕು. ನಮ್ಮ ಜಿಲ್ಲೆಯು ೧೯೫೩ರ ವರೆಗೆ ಮದರಾಸು ಆಡಳಿತಕ್ಕೆ ಸೇರಿತ್ತು. ಆ ಮದರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯನು ೧೮೫೦ರಲ್ಲಿ ಕಲಾಶಾಲೆಯನ್ನು ತೆರೆದನು. ಅಂಥ ಶಾಲೆಗಳ ಮೂಲಕ ಲಲಿತಕಲೆ ಬೇರೆ, ಕೈಗಾರಿಕೆಯ ಕಲೆ ಬೇರೆ ಎಂಬ ಯೂರೋಪಿನ ವಿಂಗಡಣೆಯು ನಮ್ಮಲ್ಲಿ ಬೇರೂರಿತು. ಲಲಿತಕಲೆಯವನಿಗೆ ಹೆಸರು, ಕುಶಲಕರ್ಮಿಗೆ ಕೂಲಿ. ಸ್ವಾತಂತ್ರ್ಯ ಬಂದ ಮೇಲೆ ದೆಹಲಿಯಲ್ಲಿ ೧೯೫೪ರಲ್ಲಿ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯವು ತೆರೆಯಿತು. ಅದರ ಶಾಖೆಯು ೨೦೦೯ರಲ್ಲಿ ಬೆಂಗಳೂರಿನ ಮಾಣಿಕ್ಯವೇಲು ಮಹಲಿಗೂ ಬಂದಿತು. ಕಟ್ಟಡಗಳು ನಮ್ಮವಾದುವು, ವಿಂಗಡಣೆಯು ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಸ್ತ್ರೀಯರ ವಿಷಯದಲ್ಲಿಯಂತೂ ಈ ಪಕ್ಷಪಾತವು ಲೋಕವ್ಯಾಪಿಯಾದುದು. ಮಹಾಕಲಾವಿದೆಯರು ಏಕೆ ಆಗಿಹೋಗಲಿಲ್ಲವೆಂಬ ಪ್ರಶ್ನೆಯನ್ನೆತ್ತಿ ಅಮೆರಿಕೆಯ ಲಿಂಡಾ ನಾಕ್ಲಿನ್ ಎಂಬ ವಿದುಷಿಯು ೧೯೭೧ರಲ್ಲಿ ಪ್ರಬಂಧವೊಂದನ್ನು ಬರೆದಳು. ಪ್ರತಿಭೆಯ ಅಭಾವವಲ್ಲ, ಶಾಲೆ, ಗುರು, ಆಶ್ರಯ ಇವುಗಳ ಬಾಗಿಲು ಮುಚ್ಚಿದ್ದುದೇ ಅದಕ್ಕೆ ಕಾರಣವೆಂದು ಅವಳು ತೋರಿಸಿಕೊಟ್ಟಳು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದ ಆಧುನಿಕ ಕಲೆಯ ವಿಭಾಗದಲ್ಲಿ ಕಲಾವಿದರ ಪೈಕಿ ಹೆಂಗಸರು ನೂರಕ್ಕೆ ಐವರಿಗೂ ಕಡಿಮೆ, ಆದರೆ ನಗ್ನ ಚಿತ್ರಗಳಲ್ಲಿ ನೂರಕ್ಕೆ ಎಂಬತ್ತೈದು ಹೆಂಗಸರವೇ ಎಂದು ೧೯೮೯ರಲ್ಲಿ ಕೆಲವು ಕಲಾವಿದೆಯರು ಭಿತ್ತಿಪತ್ರವನ್ನು ಅಚ್ಚುಮಾಡಿ ಹಂಚಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ೨೦೨೩ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯವು ತನ್ನ ಮೊದಲ ಪ್ರದರ್ಶನಗಳಲ್ಲಿ ಒಂದಕ್ಕೆ 'ಕಾಣುವ, ಕಾಣದ' ಎಂಬರ್ಥದ ಹೆಸರನ್ನಿಟ್ಟು, ಭಾರತದ ಕಲೆಯಲ್ಲಿ ಹೆಣ್ಣನ್ನು ಹೇಗೆ ಚಿತ್ರಿಸಲಾಗಿದೆಯೆಂಬುದನ್ನೇ ವಿಷಯವನ್ನಾಗಿ ಮಾಡಿಕೊಂಡಿತು. ಚಿತ್ರಶಾಲೆಯು ತನ್ನ ಸಂಗ್ರಹವನ್ನು ತಾನೇ ಪ್ರಶ್ನಿಸಿಕೊಳ್ಳುವುದು ಒಳ್ಳೆಯ ಲಕ್ಷಣ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆಯನ್ನು ಎದುರಿಸಬೇಕು. 'ಹೆಸರಿನ ಹಂಬಲವು ಪಾಶ್ಚಾತ್ಯರದು. ನಮ್ಮ ಜನಪದ ಕಲೆಗೆ ಕರ್ತೃವಿಲ್ಲ. ಅದು ಸಮುದಾಯದ ಸೊತ್ತು. ನಮ್ಮ ಹಿರಿಯರು ದೇವರಿಗೆ ಅರ್ಪಿಸಿದರೇ ಹೊರತು ತಮ್ಮ ಹೆಸರನ್ನು ಬರೆದುಕೊಳ್ಳಲಿಲ್ಲ' ಎಂದು ಬಲ್ಲವರು ಹೇಳುವುದುಂಟು. ಕೇಳಲು ಇದು ಚೆಲುವಾದ ಮಾತು. ಆದರೆ ಕನ್ನಡ ನಾಡಿನ ಕಲ್ಲುಗಳು ಇದಕ್ಕೆ ಸಾಕ್ಷಿ ಹೇಳವು. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಮದನಿಕೆಗಳ ಕೆಳಗೆ ತಮ್ಮ ಹೆಸರನ್ನು ಕೊರೆದಿದ್ದಾರೆ. ೧೩ನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಭಕ್ತಿಗೆ ಕೊರತೆಯಿದ್ದುದರಿಂದ ಅವರು ಹೆಸರನ್ನು ಬರೆದರೆಂದು ಯಾರೂ ಹೇಳಲಾರರು.

ನಮ್ಮ ಜಿಲ್ಲೆಯಲ್ಲಿಯೇ ಹೆಸರಿಲ್ಲದ ಕಲೆಯೂ ಉಂಟು. ಬಳ್ಳಾರಿಯ ಬಳಿಯ ಕಪ್ಪಗಲ್ಲಿನ ಹಿರೇಗುಡ್ಡದ ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದಿನ ನವಶಿಲಾಯುಗದ ಜನರು ಎತ್ತುಗಳ ಆಕೃತಿಗಳನ್ನು ಕುಟ್ಟಿ ಬಿಡಿಸಿದ್ದಾರೆ. ಅದೇ ಯುಗದ ಜನರು ನಮ್ಮ ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿಯೂ ವಾಸವಾಗಿದ್ದರೆಂಬುದನ್ನು ೧೯೬೦ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅವರ ಉತ್ಖನನವು ಸ್ಥಾಪಿಸಿತು. ಅವರ ಹೆಸರು ನಮಗೆ ತಿಳಿಯದು; ತಿಳಿಯುವ ದಾರಿಯೂ ಇಲ್ಲ. ಆದರೆ ತಿಳಿಯಲಾಗದೆ ಹೋದುದು ಒಂದು, ಕೇಳದೆ ಬಿಟ್ಟದ್ದು ಇನ್ನೊಂದು. ಮೊದಲನೆಯದು ಕಾಲದ ಕೆಲಸ. ಎರಡನೆಯದು ನಮ್ಮ ಕೆಲಸ. ಬದುಕಿರುವ ಹೆಂಗಸಿನ ಹೊಲಿಗೆಯನ್ನು ಹಿರೇಗುಡ್ಡದ ಎತ್ತಿನಂತೆ ಅನಾಮಿಕವೆಂದು ಬರೆಯುವುದು ಅವಳನ್ನು ಬದುಕಿದ್ದಾಗಲೇ ಪ್ರಾಚೀನ ಕಾಲಕ್ಕೆ ಸೇರಿಸಿದಂತೆ.

ಮೇಲಾಗಿ, ಹಳ್ಳಿಯಲ್ಲಿ ಕಲೆಯು ಅನಾಮಿಕವಾಗಿತ್ತೆಂಬುದೇ ಸರಿಯಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮನೆಗೆ ಬರುವ ಮಣ್ಣಿನ ಎತ್ತುಗಳನ್ನು ಯಾವ ಕುಂಬಾರರ ಮನೆಯವರು ಮಾಡಿದರೆಂಬುದು ಧಾನ್ಯ ಕೊಟ್ಟು ಅವನ್ನು ತೆಗೆದುಕೊಂಡ ಗೃಹಿಣಿಗೆ ಗೊತ್ತು. ಹಳೆಯ ಸೀರೆಗಳನ್ನು ಪದರುಪದರಾಗಿ ಹಾಸಿ ಹೊಲಿದ ಕೌದಿಯನ್ನು ಬಿಸಿಲಿಗೆ ಹರವಿದರೆ, ಹೊಲಿಗೆಯ ಸಾಲನ್ನು ನೋಡಿಯೇ 'ಇದು ಇಂಥವರ ಕೈ' ಎಂದು ಹೇಳುವ ಮುದುಕಿಯರು ನಮ್ಮ ಓಣಿಗಳಲ್ಲಿ ಇದ್ದಾರೆ. ಹೆಸರನ್ನು ಬರೆಯುವ ಅಗತ್ಯವಿರಲಿಲ್ಲ, ಏಕೆಂದರೆ ಎಲ್ಲರಿಗೂ ಹೆಸರು ಗೊತ್ತಿತ್ತು. ವಸ್ತುವು ಓಣಿಯನ್ನು ಬಿಟ್ಟು, ದಲ್ಲಾಳಿಯ ಕೈಗೆ ಬಿದ್ದು, ಪೇಟೆಯ ಅಂಗಡಿಯನ್ನು ಹೊಕ್ಕು, ಕೊನೆಗೆ ಚಿತ್ರಶಾಲೆಯ ಗೋಡೆಯನ್ನು ಏರುವ ಹೊತ್ತಿಗೆ ಆ ಹೆಸರು ದಾರಿಯಲ್ಲಿ ಎಲ್ಲಿಯೋ ಬಿದ್ದುಹೋಗಿರುತ್ತದೆ. ಅನಾಮಿಕತೆಯು ಜನಪದದ ಗುಣವೆಂದು ನಾವು ಭಾವಿಸಿದ್ದೇವೆ. ವಾಸ್ತವವಾಗಿ ಅದು ಬಹುಮಟ್ಟಿಗೆ ದಾರಿಯಲ್ಲಾದ ನಷ್ಟ. ಆದುದರಿಂದ ಚಿತ್ರಶಾಲೆಯು ಹೆಸರಿನ ಚೀಟಿಯನ್ನು ಅಂಟಿಸಿದರೆ ಹೊಸದಾಗಿ ಏನನ್ನೋ ದಾನ ಮಾಡಿದಂತಾಗುವುದಿಲ್ಲ. ಕಳೆದುಹೋದುದನ್ನು ಒಡೆಯರಿಗೆ ಮರಳಿಸಿದಂತಾಗುತ್ತದೆ.

ಹೆಸರನ್ನು ಬರೆದುಬಿಟ್ಟರೆ ಎಲ್ಲವೂ ಸರಿಹೋಯಿತೆ? ಹಾಗೂ ಹೇಳಲು ಬಾರದು. ತೊಗಲುಗೊಂಬೆಯ ವಿಷಯವನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದಮಾಡಿ, ಆಕೃತಿಯನ್ನು ಕತ್ತರಿಸಿ, ರಂಧ್ರಗಳನ್ನು ಕೊರೆದು, ಬಣ್ಣ ತುಂಬುತ್ತಾರೆ. ಆ ಗೊಂಬೆಯು ಬಾಳುವುದು ಬಿಳಿಯ ಪರದೆಗೂ ದೀಪಕ್ಕೂ ನಡುವೆ. ಹಿಂದಿನಿಂದ ಬೆಳಕು ಬಿದ್ದಾಗ ರಾವಣನ ಕೆಂಪು ಕೆಂಡದಂತೆ ಉರಿಯುತ್ತದೆ. ಅದನ್ನೇ ಗೋಡೆಗೆ ಮೊಳೆ ಹೊಡೆದು, ಮುಂದಿನಿಂದ ವಿದ್ಯುದ್ದೀಪ ಬಿಟ್ಟರೆ ಒಣಗಿದ ತೊಗಲಿನ ತುಂಡು ಕಾಣುತ್ತದೆ. ಅದರ ಕೆಳಗೆ ಮಾಡಿದವರ ಹೆಸರನ್ನು ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದರೇನು? ಇದನ್ನು ಹೇಗೆ ತೋರಿಸಬೇಕೆಂದು ಗೊಂಬೆಯಾಡಿಸುವವರನ್ನು ಕರೆದು ಕೇಳಿದ್ದರೆ ಅವರು ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಚಿತ್ರಶಾಲೆಯ ಎರಡನೆಯ ಕರ್ತವ್ಯವು ಹೀಗೆ ಕೇಳುವುದು. ಜನಸಮುದಾಯದೊಡನೆ ಬೆರೆಯುವುದೆಂದರೆ ಉದ್ಘಾಟನೆಯ ದಿನ ಅವರನ್ನು ಕರೆದು ಹಾರ ಹಾಕುವುದಲ್ಲ. ಏನನ್ನು, ಎಲ್ಲಿ, ಹೇಗೆ ಇಡಬೇಕೆಂಬ ನಿರ್ಣಯದಲ್ಲಿ ಅವರ ಮಾತು ನಡೆಯುವುದು.

ಈ ಕೇಳುವ ಕೆಲಸವು ಎಷ್ಟು ಸೂಕ್ಷ್ಮವೆಂಬುದಕ್ಕೆ ಇನ್ನೊಂದು ಸಂಗತಿಯುಂಟು. ಹರಿದು ಹಳೆಯದಾದ ಗೊಂಬೆಯನ್ನು ಪೂಜಿಸಿ ಹೊಳೆಗೆ ಬಿಡುವ ವಾಡಿಕೆಯು ಗೊಂಬೆಯಾಡಿಸುವವರಲ್ಲಿ ಇದೆ. ಅವರ ಪಾಲಿಗೆ ಅದು ದೇಹ ಬಿಟ್ಟ ಜೀವ. ಸಂಗ್ರಾಹಕನ ಪಾಲಿಗೆ ಅದು ಅಮೂಲ್ಯವಾದ ಪ್ರಾಚೀನ ಕೃತಿ. ಯಾರ ಮಾತು ಸರಿ? ಬೆಂಗಳೂರಿನ ಚಿತ್ರಕಲಾ ಪರಿಷತ್ತನ್ನು ೧೯೬೦ರಲ್ಲಿ ಕಟ್ಟಲು ಮುಂದಾದ ಎಂ. ಎಸ್. ನಂಜುಂಡರಾಯರು ಕರ್ನಾಟಕದ ತೊಗಲುಗೊಂಬೆಗಳನ್ನು ಸಂಗ್ರಹಿಸಿ, ಅಭ್ಯಾಸ ಮಾಡಿ, ಅವುಗಳ ಮೇಲೆ ಗ್ರಂಥವನ್ನೂ ಬರೆದರು. ಅವರು ಆ ಶ್ರಮವನ್ನು ವಹಿಸದೆ ಇದ್ದರೆ ಹಲವು ಆಕೃತಿಗಳನ್ನು ಇಂದು ನಾವು ಕಾಣಲು ಆಗುತ್ತಿರಲಿಲ್ಲ. ಆ ಉಪಕಾರವು ದೊಡ್ಡದು. ಆದರೂ ಹೊಳೆಗೆ ಬಿಡುವವರ ಭಾವವನ್ನು ಅಜ್ಞಾನವೆಂದು ತಳ್ಳಿಹಾಕುವ ಅಧಿಕಾರ ಯಾವ ಸಂಗ್ರಹಾಲಯಕ್ಕೂ ಇಲ್ಲ. ಬಿಡಬೇಕೆಂದವನಿಗೆ ಬಿಡುವ ಹಕ್ಕು, ಕೊಡುತ್ತೇನೆಂದವನಿಗೆ ತಕ್ಕ ಬೆಲೆ, ಕೊಟ್ಟ ಮೇಲೆ ಅವನ ಮಕ್ಕಳು ಬಂದು ನೋಡಿ ಹಳೆಯ ಮಾದರಿಯಿಂದ ಹೊಸ ಗೊಂಬೆಯನ್ನು ಕತ್ತರಿಸಿಕೊಳ್ಳಲು ಅವಕಾಶ, ಇವು ಮೂರೂ ಇದ್ದರೆ ಸಂಗ್ರಹವು ಧರ್ಮಸಮ್ಮತವಾದೀತು.

ಗೊಂಬೆಯಾಟದವರು ಹಳೆಯದನ್ನು ಕಾಯುವ ಕಾವಲುಗಾರರು ಮಾತ್ರವೆಂದೂ ತಿಳಿಯಬಾರದು. ನಮ್ಮನ್ನಗಲಿದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಪರದೆಯ ಮೇಲೆ ತಂದು ಗಾಂಧಿಯವರ ಗೊಂಬೆಯನ್ನು ನಡೆದಾಡಿಸಿದರು. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು ಒಂದು ಜೀವಮಾನವನ್ನೇ ಈ ಕಲೆಗೆ ತೆತ್ತು, ತೊಂಬತ್ತು ದಾಟಿದ ವಯಸ್ಸಿನಲ್ಲಿ, ೨೦೨೫ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ಆ ಪ್ರಶಸ್ತಿಯು ಒಬ್ಬ ವ್ಯಕ್ತಿಯ ಹೆಸರಿಗೆ ಬಂದಿತು. ಆದರೆ ಅದನ್ನು ಕೇಳಿ ಒಂದು ಸಮುದಾಯವೇ ತಲೆಯೆತ್ತಿ ನಿಲ್ಲಬಹುದಾಯಿತು. ಹೆಸರೂ ಸಮುದಾಯವೂ ಒಂದಕ್ಕೊಂದು ವೈರಿಗಳಲ್ಲವೆಂಬುದಕ್ಕೆ ಇದು ಸಾಕ್ಷಿ.

ಆದರೆ ಹೆಸರು ಬಂದ ಮೇಲೆ ವ್ಯಕ್ತಿಯು ತನ್ನವರಿಂದ ಹರಿದುಹೋಗುವ ಭಯವೂ ಉಂಟು. ಇದಕ್ಕೆ ನಮ್ಮ ನಾಡಿನಾಚೆಯ ಒಂದು ದುಃಖದ ಕಥೆಯನ್ನು ನೆನೆಯಬೇಕಾಗಿದೆ. ೧೯೮೨ರಲ್ಲಿ ಭೋಪಾಲದಲ್ಲಿ ಭಾರತ ಭವನವು ತೆರೆಯಿತು. ಅಲ್ಲಿಯ ಕಲಾಸಂಗ್ರಹದ ಹೊಣೆ ಹೊತ್ತ ಚಿತ್ರಕಾರ ಜೆ. ಸ್ವಾಮಿನಾಥನ್ ಅವರು ಪಟ್ಟಣದ ಕಲೆಯನ್ನೂ ಆದಿವಾಸಿಗಳ ಕಲೆಯನ್ನೂ ಒಂದೇ ಸೂರಿನ ಕೆಳಗೆ ಸಮಾನವಾಗಿ ಇಟ್ಟರು. ಅವರ ಶೋಧಕರು ಮಧ್ಯಪ್ರದೇಶದ ಪಾಟನಗಢವೆಂಬ ಹಳ್ಳಿಯಲ್ಲಿ ಜನಗಢ ಸಿಂಹ ಶ್ಯಾಮ ಎಂಬ ಪರಧಾನ ಗೊಂಡ ತರುಣನನ್ನು ಕಂಡು ಭೋಪಾಲಕ್ಕೆ ಕರೆತಂದರು. ಗೋಡೆಯ ಮೇಲೆ ಬರೆಯುತ್ತಿದ್ದ ಕೈಗೆ ಕಾಗದವೂ ಬಣ್ಣವೂ ದೊರೆತವು. ಪ್ಯಾರಿಸ್ಸಿನಲ್ಲಿ ೧೯೮೯ರಲ್ಲಿ ಯೂರೋಪ್ ಅಮೆರಿಕೆಗಳ ಕಲಾವಿದರ ಪಕ್ಕದಲ್ಲಿ ಇತರ ಭೂಖಂಡಗಳವರನ್ನು ಸಮಸಮವಾಗಿ ನಿಲ್ಲಿಸಿದ ಮಹಾಪ್ರದರ್ಶನದಲ್ಲಿ ಜನಗಢರ ಚಿತ್ರಗಳೂ ಇದ್ದುವು. ಅವರನ್ನು ನೋಡಿ ಬಂಧುಗಳೂ ಊರವರೂ ಕುಂಚ ಹಿಡಿದರು. 'ಜನಗಢ ಕಲಮ್' ಎಂದೇ ಒಂದು ಪಂಥವು ಬೆಳೆಯಿತು. ಅದೇ ಜನಗಢರು ೨೦೦೧ರಲ್ಲಿ, ಇನ್ನೂ ನಲವತ್ತರ ಆಸುಪಾಸಿನ ವಯಸ್ಸಿನಲ್ಲಿ, ಜಪಾನಿನ ಒಂದು ಸಂಗ್ರಹಾಲಯದಲ್ಲಿ ತಂಗಿ ಚಿತ್ರ ಬರೆಯುತ್ತಿದ್ದಾಗ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು.

ಒಬ್ಬನ ಮನಸ್ಸಿನ ಒಳಗನ್ನು ಹೊರಗಿನವರು ಅಳೆಯಲಾರರು; ಯಾರ ಮೇಲಾದರೂ ದೋಷ ಹೊರಿಸುವುದು ನಮ್ಮ ಕೆಲಸವೂ ಅಲ್ಲ. ಆದರೆ ಆ ಸಾವು ಕಲಾಲೋಕದ ಮುಂದೆ ಒಂದು ಪ್ರಶ್ನೆಯನ್ನು ಇಟ್ಟುಹೋಯಿತು. ನಾವು ಒಬ್ಬನ ಚಿತ್ರಗಳನ್ನು ಬೇಡುವಾಗ ಅವನ ಏಕಾಂತ, ಅವನ ಭಾಷೆ, ಮನೆಗೆ ಮರಳಬೇಕೆಂಬ ಅವನ ಹಂಬಲ, ಇವುಗಳಿಗೆ ಯಾರು ಹೊಣೆ? ಆಸರೆ ಎಂಬ ಮಾತಿನ ಅರ್ಥವು ಇಲ್ಲಿ ತಿಳಿಯುತ್ತದೆ. ಬಳ್ಳಿಗೆ ಕೋಲು ನಿಲ್ಲಿಸುವುದು ಆಸರೆ. ಬೇರನ್ನು ಕಿತ್ತು ಕುಂಡದಲ್ಲಿ ನೆಟ್ಟು ಸಭಾಂಗಣದಲ್ಲಿ ಇಡುವುದು ಆಸರೆಯಾಗದು. ಕಲಾವಿದನು ಬೇಕೆಂದಾಗ ಬರಲು, ಸಾಕೆಂದಾಗ ಹೋಗಲು, ಬೇಡವೆಂದಾಗ 'ಇಲ್ಲ' ಎನ್ನಲು ಸ್ವತಂತ್ರನಾಗಿರಬೇಕು. ಇದು ಚಿತ್ರಶಾಲೆಯ ಮೂರನೆಯ ಕರ್ತವ್ಯ.

ಇಷ್ಟೆಲ್ಲ ಹೇಳಿದ ಮೇಲೆ ಚಿತ್ರಶಾಲೆಯವರು, 'ನೀವು ಕೇಳುವುದು ಅತಿಯಾಯಿತು. ನಾವು ಇಲ್ಲದೆ ಇದ್ದರೆ ಆ ಹೆಂಗಸಿಗೆ ಹೊಲಿಗೆಯ ಕೂಲಿಯೂ ಇಲ್ಲ, ಆ ಗೊಂಬೆಗೆ ಗೋಡೆಯೂ ಇಲ್ಲ. ಉಪಕಾರ ಮಾಡಿದವರ ಮೇಲೆಯೇ ತಪ್ಪು ಹೊರಿಸುತ್ತೀರಿ' ಎಂದು ಉತ್ತರ ಕೊಡಬಹುದು. ಈ ಮಾತಿನಲ್ಲಿ ಸತ್ಯಾಂಶವಿದೆ. ಹಸಿದವರಿಗೆ ಮೊದಲು ಬೇಕಾದುದು ಅನ್ನ, ಹೆಸರು ಆಮೇಲೆ. ಆದರೆ 'ಉಪಕಾರ' ಎಂಬ ಒಂದು ಶಬ್ದದಲ್ಲಿಯೇ ನಮ್ಮ ಇಡೀ ಚರ್ಚೆಯು ನಿಂತಿದೆ. ಉಪಕಾರವಾದರೆ ಮಾಡುವವನ ಇಚ್ಛೆ, ಮಾಡದಿದ್ದರೆ ಕೇಳುವವರಿಲ್ಲ. ಋಣವಾದರೆ ಹಾಗಲ್ಲ, ತೀರಿಸಲೇಬೇಕು. ಚಿತ್ರಶಾಲೆಯು ಯಾವುದರಿಂದ ಚಿತ್ರಶಾಲೆ ಎನಿಸಿತು? ಗೋಡೆಗಳಿಂದಲ್ಲ, ದೀಪಗಳಿಂದಲ್ಲ, ಕೃತಿಗಳಿಂದ. ಅದರ ಕೀರ್ತಿ, ಅದಕ್ಕೆ ಬರುವ ದಾನ, ಸರಕಾರದ ಸಹಾಯಧನ, ನೋಡಬಂದವರ ಮೆಚ್ಚಿಕೆ, ಇವೆಲ್ಲವೂ ಯಾರೋ ಒಬ್ಬರ ಕೈ ಸವೆದುದರ ಫಲ. ಪಡೆದವನೇ ಕೊಟ್ಟವನೆಂದು ಹೇಳಿಕೊಳ್ಳುವುದು ಲೋಕದಲ್ಲಿ ಸಾಮಾನ್ಯವಾದ ಭ್ರಮೆ. ದೇವಋಣ, ಋಷಿಋಣ, ಪಿತೃಋಣಗಳೆಂದು ನಮ್ಮ ಹಿರಿಯರು ಮೂರನ್ನು ಎಣಿಸಿದರು. ನಾವು ಉಟ್ಟ ಬಟ್ಟೆ, ಹೊದ್ದ ಕೌದಿ, ನೋಡಿ ನಲಿದ ಗೊಂಬೆ ಇವುಗಳ ಹಿಂದಿನ ಕೈಗಳ ಋಣವನ್ನೂ ಆ ಸಾಲಿನಲ್ಲಿ ಸೇರಿಸಿದರೆ ತಪ್ಪಾಗಲಾರದು.

ಋಣವೆಂದು ಒಪ್ಪಿಕೊಂಡರೆ ಕಾರ್ಯದ ದಾರಿಗಳು ಕಾಣದೆ ಇರವು. ಭೌಗೋಳಿಕ ಗುರುತಿನ ೧೯೯೯ರ ಕಾನೂನು ಒಂದು ಸೀಮೆಯ ಹೆಸರನ್ನು ರಕ್ಷಿಸುವುದರ ಜೊತೆಗೆ, ಆ ವಸ್ತುವನ್ನು ಉತ್ಪಾದಿಸುವವರನ್ನು ಅಧಿಕೃತ ಬಳಕೆದಾರರೆಂದು ಹೆಸರು ಹಿಡಿದು ನೋಂದಾಯಿಸಲೂ ಅವಕಾಶ ಕೊಟ್ಟಿದೆ. ಕಾನೂನೇ ಹೆಸರನ್ನು ಕೇಳುವಾಗ ಪ್ರದರ್ಶನದ ಚೀಟಿಯು ಕೇಳದೆ ಇರಬೇಕೇಕೆ? ಚಿತ್ರಕಲಾ ಪರಿಷತ್ತು ಜನವರಿ ತಿಂಗಳಲ್ಲಿ ನಡೆಸುತ್ತ ಬಂದಿರುವ ಚಿತ್ರಸಂತೆಯು ಇನ್ನೊಂದು ದಾರಿ. ಅಲ್ಲಿ ಕುಮಾರಕೃಪಾ ರಸ್ತೆಯ ಎರಡು ಬದಿಗಳಲ್ಲಿಯೂ ಕಲಾವಿದರು ತಮ್ಮ ಚಿತ್ರಗಳ ಪಕ್ಕದಲ್ಲಿ ತಾವೇ ಕುಳಿತಿರುತ್ತಾರೆ. ನೋಡುವವನು ಮುಖವನ್ನು ನೋಡಿ ಮಾತನಾಡಿಸಿ ಬೆಲೆ ಕೇಳುತ್ತಾನೆ. ನಮ್ಮ ಹಳ್ಳಿಯ ಸಂತೆಯ ಧರ್ಮವೇ ಅದು. ಮಾರುವವರೂ ಮಾಡಿದವರೂ ಒಬ್ಬರೇ.

ಬಾಗಿಲು ತೆರೆದಿರುವುದೂ ಋಣದ ಒಂದು ಭಾಗವೇ. ಚಿತ್ರಕಾರ ಕೆ. ವೆಂಕಟಪ್ಪನವರ ನೆನಪಿಗೆ ಸರಕಾರವು ಬೆಂಗಳೂರಿನಲ್ಲಿ ಕಟ್ಟಿದ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದರ ಪೋಷಣೆಗೆ ಒಪ್ಪಿಸುವ ಒಪ್ಪಂದವಾದಾಗ, ೨೦೧೬ರಲ್ಲಿ ಕಲಾವಿದರು ಬೀದಿಗಿಳಿದು ವಿರೋಧಿಸಿದರು. ಅಲ್ಪ ಬಾಡಿಗೆಗೆ ದೊರೆಯುತ್ತಿದ್ದ ಆ ಕೋಣೆಗಳಲ್ಲಿ ತಮ್ಮ ಮೊದಲ ಪ್ರದರ್ಶನವನ್ನು ಮಾಡಿದವರು ಅನೇಕರಿದ್ದರು. ಪೋಷಕರ ಉದ್ದೇಶ ಒಳ್ಳೆಯದಿದ್ದಿರಬಹುದು. ಆದರೂ ಆಶ್ರಯವಿಲ್ಲದವನಿಗೆ ಉಳಿದಿರುವ ಸಾರ್ವಜನಿಕ ಜಾಗದ ವಿಷಯದಲ್ಲಿ ಅವನನ್ನು ಕೇಳದೆ ನಿರ್ಣಯಿಸಬಾರದೆಂಬ ಅವರ ವಾದವು ನ್ಯಾಯವಾದುದೇ.

ಇನ್ನು ನಮ್ಮ ಮಾತು. ಪರರ ಕರ್ತವ್ಯವನ್ನು ಎಣಿಸುವುದು ಸುಲಭ. ತುಂಗಭದ್ರೆಯ ಕಾಲುವೆಯ ನೀರುಂಡು ನೆಲ್ಲು ಬೆಳೆಯುವ ಈ ಸಿರುಗುಪ್ಪದ ಸೀಮೆಯಲ್ಲಿ ಚಿತ್ರಶಾಲೆಯಿಲ್ಲ; ಆದರೆ ಶಾಲೆಯ ಕೊಠಡಿಗಳಿವೆ, ಗ್ರಂಥಾಲಯಗಳಿವೆ, ಜಾತ್ರೆಗಳು ನಡೆಯುತ್ತವೆ. ವರ್ಷಕ್ಕೆ ಒಂದು ದಿನ ಹಚ್ಚೊಳ್ಳಿಯ ಹೋಬಳಿಯ ಹಳ್ಳಿಗಳಿಂದ ಕೌದಿಗಳನ್ನೂ, ಮಣ್ಣೆತ್ತುಗಳನ್ನೂ, ಬಯಲಾಟದ ಕಿರೀಟ ಭುಜಕೀರ್ತಿಗಳನ್ನೂ ತಂದು ಶಾಲೆಯ ಕೊಠಡಿಯಲ್ಲಿ ಇಟ್ಟು, ಪ್ರತಿಯೊಂದರ ಕೆಳಗೆ ಮಾಡಿದವರ ಹೆಸರನ್ನು ಶಾಲೆಯ ಮಕ್ಕಳ ಕೈಯಲ್ಲಿ ಬರೆಸಿದರೆ ಏನು ಖರ್ಚಾದೀತು? ಆ ಹೆಸರನ್ನು ಬರೆಯಬೇಕಾದರೆ ಮಗುವು ಓಣಿಗೆ ಹೋಗಿ ಕೇಳಬೇಕಾಗುತ್ತದೆ. 'ಅವ್ವಾ, ಈ ಕೌದಿ ಹೊಲಿದವರು ಯಾರು?' ಎಂದು ಕೇಳಿದ ಮಗುವಿಗೆ ಉತ್ತರದ ಜೊತೆಗೆ ಒಂದು ಕಥೆಯೂ ದೊರೆಯುವುದು. ಕೆಲವು ಮನೆಗಳಲ್ಲಿ 'ಗೊತ್ತಿಲ್ಲ' ಎಂಬ ಉತ್ತರವೂ ಬರಬಹುದು. ಅದೂ ಬೇಕಾದುದೇ. ಗೊತ್ತಿಲ್ಲವೆಂಬುದು ಗೊತ್ತಾದರೆ ಮುಂದಿನ ಬಾರಿ ಕೇಳುವ ಬುದ್ಧಿ ಬರುತ್ತದೆ.

ನಮ್ಮ ಮನೆಗಳ ಒಳಗೆ ನೋಡಿದರೂ ಇದೇ ವಿಚಾರ. ವಿದ್ಯಾವಂತರ ಮನೆಯ ನಡುಮನೆಯಲ್ಲಿ ಲಂಬಾಣಿ ಕಸೂತಿಯ ದಿಂಬಿನ ಚೀಲವೂ ಕಿನ್ನಾಳದ ಗೊಂಬೆಯೂ ಈಗ ಅಲಂಕಾರವಾಗಿ ಕುಳಿತಿವೆ. ಅತಿಥಿಗಳು ಬಂದಾಗ 'ಇದನ್ನು ಎಲ್ಲಿ ಕೊಂಡಿರಿ?' ಎಂದು ಕೇಳುತ್ತಾರೆ. ನಾವು ಅಂಗಡಿಯ ಹೆಸರನ್ನು ಹೇಳುತ್ತೇವೆ. ಎಷ್ಟು ಕೊಟ್ಟಿರೆಂದು ಕೇಳುತ್ತಾರೆ. ಚೌಕಾಸಿ ಮಾಡಿ ಇಳಿಸಿದ ಬೆಲೆಯನ್ನು ಹೆಮ್ಮೆಯಿಂದ ಹೇಳುತ್ತೇವೆ. ಅಲ್ಲಿಗೆ ನಮ್ಮ ಮನೆಯೂ ಒಂದು ಚಿಕ್ಕ ಚಿತ್ರಶಾಲೆಯಾಯಿತು, ಮೇಲೆ ಹೇಳಿದ ಎಲ್ಲ ದೋಷಗಳೊಡನೆ. ಬೆಂಗಳೂರಿನ ಮಂದಿರಗಳಿಗೆ ಹೇಳಿದ ಮಾತು ನಮಗೂ ಸಲ್ಲುತ್ತದೆ. ಕೊಳ್ಳುವಾಗ ಮಾಡಿದವರು ಯಾರೆಂದು ಕೇಳುವುದು, ಅವರ ದುಡಿಮೆಗೆ ತಕ್ಕ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡುವುದು, ಅವರು ಕಲಿಸಲು ಒಪ್ಪಿದರೆ ನಮ್ಮ ಮಕ್ಕಳನ್ನು ಅವರ ಬಳಿಗೆ ಕಳುಹಿಸುವುದು, ಇಷ್ಟು ನಮ್ಮಿಂದ ಆಗತಕ್ಕದ್ದು.

ಸಂಡೂರಿನ ತಾಂಡಾದಲ್ಲಿ ಸಂಜೆಯ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುತ್ತಿರುವ ಹೆಂಗಸು ನಮ್ಮ ಈ ಚರ್ಚೆಯನ್ನು ಓದಲಾರಳು. ಓದಬೇಕೆಂಬ ಅವಶ್ಯಕತೆಯೂ ಅವಳಿಗಿಲ್ಲ. ತಾನು ಯಾರೆಂಬುದು ಅವಳಿಗೆ ಗೊತ್ತು, ಅವಳ ನೆರೆಯವರಿಗೂ ಗೊತ್ತು. ತಿಳ್ಳನ್ನು ಕಾಣದೆ ಇರುವವರು ನಾವು. ಕೇಳಿ ತಿಳಿದುಕೊಳ್ಳುವ ಹೊಣೆಯೂ ನಮ್ಮದೇ ಆಗಿದೆ.